ನಡಿಗೆಯೊಂದು ಸಾಧನೆ
(ಪರಿಸರ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಚಲನೆ, ಚಳವಳಿ ಎಂಬ ಎರಡೂ ಪದಗಳ ಮೂಲ ಒಂದೇ. ಆದರೆ ಚಳವಳಿಯಲ್ಲಿರುವ ನಮ್ಮ ದಿನಗಳು ಇಂದು ಸಭೆ, ಮನವಿ, ಕಡತಗಳಲ್ಲಿ ಕಳೆಯುತ್ತಿವೆ. ದಣಿದ ಕಾರ್ಯಕರ್ತರು ಒಬ್ಬೊಬ್ಬರಾಗಿ ದೂರ ಸರಿಯುತ್ತಿದ್ದಾರೆ. ಕಾಡನ್ನು ಉಳಿಸಹೊರಟವರಿಗೆ ಕಾಡಿನಲ್ಲಿ ನಡೆಯುವ ಆನಂದವೇ ಇಲ್ಲವಾದರೆ ಈ ಕೆಲಸ ಎಷ್ಟು ಕಾಲ ನಡೆದೀತು?

ನಮ್ಮದು ನಡಿಗೆಯ ಪರಂಪರೆ. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ ಮರಗಳನ್ನು ಅಪ್ಪಿಕೊಂಡರು. 1987ರ ನವೆಂಬರ್‌ನಲ್ಲಿ ‘ಪಶ್ಚಿಮಘಟ್ಟ ಉಳಿಸಿ’ ಪಾದಯಾತ್ರೆಯ ತಂಡಗಳು ನವಾಪುರದಿಂದಲೂ ಕನ್ಯಾಕುಮಾರಿಯಿಂದಲೂ ಹೊರಟು, 1988ರ ಫೆಬ್ರವರಿಯಲ್ಲಿ ಗೋವೆಯಲ್ಲಿ ಕೂಡಿದವು.

ನಡೆಯುವಾಗ ನಡೆಯುತ್ತಿದ್ದೇನೆ ಎಂಬ ಅರಿವಿರಬೇಕೆಂಬುದು ಬೌದ್ಧರ ಸತಿಪಟ್ಠಾನದ ಬೋಧೆ. ವಿಯೆಟ್ನಾಮಿನ ಭಿಕ್ಷು ಥಿಚ್ ನಾಟ್ ಹಾನ್ (1926–2022) ಇದನ್ನು ನಡಿಗೆಯ ಧ್ಯಾನವಾಗಿ ಲೋಕಕ್ಕೆ ಕಲಿಸಿದರು. ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ವಯಸ್ಕರಿಗೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿದೆ. ಚುರುಕಿನ ನಡಿಗೆಯೂ ಅದರಲ್ಲಿ ಸೇರುತ್ತದೆ.

ಕ್ರಮ ಸರಳ. ಮೊಬೈಲ್ ಮನೆಯಲ್ಲಿರಲಿ. ಮೊದಲ ಹತ್ತು ನಿಮಿಷ ಮಾತು ಬೇಡ. ಹಿಮ್ಮಡಿ ನೆಲ ಮುಟ್ಟುವುದನ್ನೂ ಭಾರ ಬೆರಳುಗಳತ್ತ ಸರಿಯುವುದನ್ನೂ ಗಮನಿಸಿ. ಉಸಿರೆಳೆಯುವಾಗ ಎಷ್ಟು ಹೆಜ್ಜೆ, ಬಿಡುವಾಗ ಎಷ್ಟು ಎಂದು ಎಣಿಸಿ. ಏರಿನಲ್ಲಿ ಎಣಿಕೆ ಇಳಿಯುತ್ತದೆ, ಇಳಿಯಲಿ. ಮನಸ್ಸು ನಿನ್ನೆಯ ಜಗಳಕ್ಕೆ ಓಡಿದರೆ ಮೆಲ್ಲನೆ ಪಾದಕ್ಕೆ ಕರೆತನ್ನಿ. ಮಳೆಗಾಲದಲ್ಲಿ ಈ ಕೆಲಸವನ್ನು ಉಂಬಳಗಳೇ ಮಾಡುತ್ತವೆ!

ಹೀಗೆ ನಡೆದವರಿಗೆ ಮಣ್ಣು ಪಾಠ ಹೇಳುತ್ತದೆ. ತರಗೆಲೆ ಹಾಸಿದ ನೆಲ ಹೆಜ್ಜೆಯಡಿ ಮೆತ್ತಗೆ ತಗ್ಗುತ್ತದೆ. ತರಗೆಲೆಯನ್ನೆಲ್ಲ ಗುಡಿಸಿ ಒಯ್ದ ನೆಲ ಕಾಲಿಗೆ ಒತ್ತುತ್ತದೆ. ಅಲ್ಲಿ ಮಳೆನೀರು ಇಂಗುವುದಕ್ಕಿಂತ ಹರಿದುಹೋಗುವುದೇ ಹೆಚ್ಚು. ಮೊದಲ ಮಳೆಯ ಮಣ್ಣಿನ ವಾಸನೆ ನಮಗೆಲ್ಲ ಪ್ರಿಯ. ಅದಕ್ಕೆ ಮುಖ್ಯ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಅದನ್ನು ತಯಾರಿಸುವವು ಮಣ್ಣಿನ ಸೂಕ್ಷ್ಮಜೀವಿಗಳು. ನಮ್ಮ ಆನಂದಕ್ಕೂ ಮಣ್ಣಿನ ಜೀವಕ್ಕೂ ಅಷ್ಟು ಹತ್ತಿರದ ನಂಟು.

ಉತ್ತರ ಕನ್ನಡದಲ್ಲಿ 1 ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವಿದೆ. ಹಿಂದೆ ಸೊಪ್ಪಿಗಾಗಿ ದಿನವೂ ಹತ್ತುತ್ತಿದ್ದ ಬೆಟ್ಟಕ್ಕೆ ಇಂದು ಮನೆಯವರು ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಕಾಲು ಮರೆತ ಬೆಟ್ಟವನ್ನು ಕಣ್ಣೂ ಮರೆಯುತ್ತದೆ. ಮರ ಕಡಿದದ್ದು, ಒರತೆ ಬತ್ತಿದ್ದು ತಿಳಿಯುವಾಗ ತಡವಾಗಿರುತ್ತದೆ.

ಆದುದರಿಂದ ನನ್ನ ವಿನಂತಿ ಇಷ್ಟೆ: ಪ್ರತಿ ಮನೆಯಿಂದ ಒಬ್ಬರಾದರೂ ವಾರಕ್ಕೊಮ್ಮೆ, ಒಂದು ಗಂಟೆ, ತಮ್ಮ ಬೆಟ್ಟದಲ್ಲಿ ಎಚ್ಚರದಿಂದ ನಡೆಯಿರಿ. ಕತ್ತಿ, ಬುಟ್ಟಿ ಬೇಡ, ಮಕ್ಕಳನ್ನು ಕರೆದೊಯ್ಯಿರಿ. ಮೈ ಹಗುರಾಗುತ್ತದೆ, ಮನಸ್ಸು ತಿಳಿಯಾಗುತ್ತದೆ, ಬೆಟ್ಟಕ್ಕೂ ಕೇಳುವವರೊಬ್ಬರು ಸಿಗುತ್ತಾರೆ.