ಆಯ್ದು ಕೊಲ್ಲುವ ಬೂಷ್ಟು



ಶಿಲೀಂಧ್ರಗಳು ತಯಾರಿಸುವ ಸಂಯುಕ್ತಗಳು ಇಂದಿನ ರಾಸಾಯನಿಕ ಕಳೆನಾಶಕಗಳ ಜಾಗದಲ್ಲಿ ನಿಲ್ಲಬಲ್ಲವೆ? ಸಂಘಟಕರು ಈ ಮುದುಕನಿಗೆ ಒಪ್ಪಿಸಿರುವ ಪ್ರಶ್ನೆ ಇದು. ಸಭೆಯನ್ನು ಮುಂಬೈಯ ವಡಾಲದಲ್ಲಿ ಕರೆದದ್ದು ಚೆನ್ನಾಯಿತು. 1933ರಲ್ಲಿ ಯುಡಿಸಿಟಿಯಾಗಿ ಹುಟ್ಟಿ ಈಗ ಐಸಿಟಿ ಎನಿಸಿಕೊಂಡಿರುವ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಪಕ್ಕದ ಮಾಟುಂಗದಲ್ಲಿದೆ. ಇಲ್ಲಿ ಕೂತವರಲ್ಲಿ ಅರ್ಧ ಜನ ಅಲ್ಲಿ ಕಲಿತವರಂತೆ ಕಾಣುತ್ತಾರೆ. ಉಳಿದರ್ಧ ಅಲ್ಲಿ ಕಲಿತವರ ಕೈಕೆಳಗೆ ದುಡಿದವರಿರಬೇಕು. ರಸಾಯನಶಾಸ್ತ್ರಜ್ಞರ ಅಂಗಳದಲ್ಲೇ ನಿಂತು ಅವರ ಮೇಲೆ ದೂರು ಹೇಳುವ ಅವಕಾಶ ಸುಲಭಕ್ಕೆ ಸಿಗುವುದಿಲ್ಲ.

ಪರ್ಯಾಯ ಬೇಕೆಂಬುದರಲ್ಲಿ ತಕರಾರಿಲ್ಲ. 1990ರ ದಶಕದ ಮೊದಲಲ್ಲೇ ಪಂಜಾಬ್, ಹರಿಯಾಣದ ಗೋಧಿ ಹೊಲಗಳಲ್ಲಿ ಫಲಾರಿಸ್ ಮೈನರ್ ಎಂಬ ಹುಲ್ಲು ಐಸೊಪ್ರೊಟ್ಯುರಾನ್ ಎಂಬ ಕಳೆನಾಶಕಕ್ಕೆ ಜಗ್ಗದಾಯಿತು. ಇನ್ನೊಂದು ಕಳೆನಾಶಕ ಗ್ಲೈಫೊಸೇಟನ್ನು ಕೀಟ ನಿಯಂತ್ರಣದ ವೃತ್ತಿನಿರತರೇ ಸಿಂಪಡಿಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿತು. ಅವರನ್ನು ನಮ್ಮೂರಿಗೆ ಯಾರು ಕರೆತರುತ್ತಾರೆ ಎಂದು ರೈತ ಕೇಳಿದರೆ ಉತ್ತರ ಕೊಡುವವರು ಮಧ್ಯಾಹ್ನದ ಗೋಷ್ಠಿಯಲ್ಲಿದ್ದಾರೆ. ಅವರ ಪಾಲನ್ನು ಈಗಲೇ ಕಸಿಯುವುದು ಬೇಡ.

ಈ ಭಾಷಣಕಾರನ ತಕರಾರು ಇರುವುದು ನಾವು ಹುಡುಕಿದ ರೀತಿಯ ಬಗ್ಗೆ. ಅದನ್ನು ತೋರಿಸುವ ಕತೆ ಬೆಂಗಳೂರಿನದು. ಅಲ್ಲಿದ್ದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತೀಯ ಕೇಂದ್ರದ ನಂಟಿನಿಂದ ಬಂದ ಒಂದು ಪ್ರಬಂಧವನ್ನು ಟಿ.ಆರ್. ನಾಗರಾಜ್ ಮತ್ತು ಕೆ.ಎಂ. ಪೊನ್ನಪ್ಪ 1970ರಲ್ಲಿ ಪ್ರಕಟಿಸಿದರು. ನಮ್ಮ ಕಡೆ ಅನೇಕರು ಅಂತರಗಂಗೆ ಎಂದೇ ಕರೆಯುವ, ನೇರಳೆ ಹೂವಿನ ವಾಟರ್ ಹಯಸಿಂತ್‌ನ ಎಲೆ ಸುಟ್ಟಂತೆ ಕಪ್ಪಾಗುತ್ತಿತ್ತು. ಅದಕ್ಕೆ ಕಾರಣವಾದ ಹೊಸ ಶಿಲೀಂಧ್ರಕ್ಕೆ ಅವರು ಆಲ್ಟರ್ನೇರಿಯ ಐಕಾರ್ನಿಯೆ ಎಂದು ಹೆಸರಿಟ್ಟರು. ಪೊವಾಯಿ ಕೆರೆಯನ್ನು ಕಂಡವರಿಗೆ ಆ ಕಳೆಯ ಪರಿಚಯ ಮಾಡಿಕೊಡಬೇಕಿಲ್ಲ.

ಹನ್ನೆರಡು ವರ್ಷಗಳ ಮೇಲೆ ಫ್ಲಾರಿಡಾದಲ್ಲಿ ಆರ್. ಚಾರುದತ್ತನ್ ಮತ್ತು ಕೆ.ವಿ. ರಾವ್ ಅದೇ ಬೂಷ್ಟನ್ನು ಬೆಳೆಸಿ ಬಾಸ್ಟ್ರೈಸಿನ್, 4-ಡಿಆಕ್ಸಿಬಾಸ್ಟ್ರೈಸಿನ್ ಎಂಬ ಎರಡು ಕೆಂಪು ಸಂಯುಕ್ತಗಳನ್ನು ಬೇರ್ಪಡಿಸಿದರು. ಎರಡೂ ಎಲೆಯನ್ನು ಸಾಯಿಸುತ್ತವೆ. ಆದರೆ ಅವು ಅಂತರಗಂಗೆಯೊಂದನ್ನೇ ಆರಿಸಿಕೊಳ್ಳುವುದಿಲ್ಲ, ಬೇರೆ ಗಿಡಗಳ ಎಲೆಯನ್ನೂ ಸುಡುತ್ತವೆ.

ಬೂಷ್ಟಿಗೆ ಬೇಕಾದದ್ದು ಬಹುಮಟ್ಟಿಗೆ ಒಂದೇ ಗಿಡ, ಅದರ ವಿಷಕ್ಕೆ ಎಲ್ಲ ಗಿಡವೂ ಆದೀತು. ಹಾಗಾದರೆ ಆಯ್ಕೆ ಮಾಡಿದ್ದು ಯಾರು? ಎಲೆಯ ಮೇಲೆ ಬೀಜಕಣ ಮೊಳೆಯುವ ಗಳಿಗೆಯೆ, ರಂಧ್ರದೊಳಗೆ ಎಳೆ ತೂರುವ ಗಳಿಗೆಯೆ, ಒಳಗಿನ ಜೀವಕೋಶ ಎದುರು ನಿಲ್ಲದೆ ಸೋಲುವ ಗಳಿಗೆಯೆ? ವಿಷವೆಂಬುದು ಒಳಹೊಕ್ಕ ಕಳ್ಳ ಕೊನೆಗೆ ತೆಗೆಯುವ ಆಯುಧವಾಗಿದ್ದರೆ, ಬೀಗ ತೆರೆದ ಕೈ ಯಾವುದೆಂದು ಆಯುಧವನ್ನು ಎಷ್ಟು ಶುದ್ಧೀಕರಿಸಿದರೂ ತಿಳಿಯದು. ನಾವು ಮಾಡಿದ್ದು ಮಾತ್ರ ಅದನ್ನೇ. ಫ್ಲಾಸ್ಕಿನಲ್ಲಿ ಹೆಚ್ಚು ಕೊಲ್ಲುವುದನ್ನು ಆರಿಸಿದೆವು, ಸ್ಫಟಿಕ ಮಾಡಿದೆವು, ಬಾಟಲಿಗೆ ತುಂಬಿದ ಮೇಲೆ ಬೆಳೆಯೂ ಸಾಯುತ್ತದಲ್ಲ ಎಂದು ಬೆರಗಾದೆವು.

ಇದಕ್ಕೆ ಅಪವಾದವಿದೆ ಎಂದು ಮುಂದಿನ ಸಾಲಿನ ಪ್ರೊಫೆಸರರು ಆಗಲೇ ತಲೆಯಾಡಿಸುತ್ತಿದ್ದಾರೆ. ಹೌದು ಸರ್, ಮ್ಯಾಕ್ಯುಲೋಸಿನ್. 1988ರಲ್ಲಿ ಮೊಂಟಾನಾದ ಗೇರಿ ಸ್ಟ್ರೋಬೆಲ್ ಮತ್ತವರ ಸಂಗಡಿಗರು ಸ್ಪಾಟೆಡ್ ನ್ಯಾಪ್‌ವೀಡ್ ಕಳೆಯ ಮೇಲಿನ ಆಲ್ಟರ್ನೇರಿಯದಲ್ಲಿ ಕಂಡ ಅಣು. ಎರಡೇ ಅಮೈನೊ ಆಮ್ಲ ಸೇರಿ ಆದ ಪುಟ್ಟ ಉಂಗುರ, ಆದರೂ ತನ್ನ ಗಿಡವನ್ನು ಗುರುತಿಸುತ್ತದೆ. ಇಂಥದ್ದು ಇದೆ ಎಂದಾದರೆ ಹುಡುಕಾಟ ಆ ದಿಕ್ಕಿಗೆ ಹೊರಳಬೇಕಿತ್ತು. ಆದರೆ ಒಂದೇ ಕಳೆಗೆ ನಾಟುವ ಔಷಧಿಗೆ ಮಾರುಕಟ್ಟೆ ಸಣ್ಣದು. ಕಂಪನಿಯ ಲೆಕ್ಕದಲ್ಲಿ ಹತ್ತು ಕಳೆ ಕೊಲ್ಲುವುದೇ ಒಳ್ಳೆಯ ಔಷಧಿ.

ಇನ್ನೊಂದು ನಂಬಿಕೆಗೂ ಸ್ವಲ್ಪ ತಣ್ಣೀರು ಎರಚಬೇಕು. ಈ ಸಭೆಯ ಕರಪತ್ರದಲ್ಲಿ ‘ನೈಸರ್ಗಿಕ, ಆದ್ದರಿಂದ ನಿರಪಾಯ’ ಎಂದು ಅಚ್ಚಾಗಿದೆ. ಅಚ್ಚು ಹಾಕಿಸಿದವರು ಬೇಸರಿಸಬಾರದು. ಕಳೆನಾಶಕವಾದೀತೆಂದು ಆಸೆ ಹುಟ್ಟಿಸಿದ ಎಎಎಲ್ ಟಾಕ್ಸಿನ್ ಎಂಬ ಬೂಷ್ಟಿನ ವಿಷ, ಜೋಳ ಮತ್ತು ಮುಸುಕಿನ ಜೋಳಕ್ಕೆ ಹತ್ತುವ ಫ್ಯುಸೇರಿಯಂ ಬೂಷ್ಟಿನ ಫ್ಯುಮೊನಿಸಿನ್‌ಗೆ ಹತ್ತಿರದ ಸಂಬಂಧಿ. ಎರಡೂ ಜೀವಕೋಶದ ಒಂದೇ ಕಿಣ್ವವನ್ನು ತಡೆಯುತ್ತವೆ, ಆ ಕಿಣ್ವ ನಮ್ಮಲ್ಲೂ ಇದೆ. 1995ರಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಜೋಳದ ರೊಟ್ಟಿ ತಿಂದು ದಖ್ಖನ್ನಿನ ಹಳ್ಳಿಗಳಲ್ಲಿ ಜನ ಹೊಟ್ಟೆನೋವು, ಭೇದಿಯಿಂದ ನರಳಿದರು. ಹೈದರಾಬಾದಿನ ಆರ್.ವಿ. ಭಟ್ ಮತ್ತು ಸಹೋದ್ಯೋಗಿಗಳು ಅದರ ಹಿಂದೆ ಫ್ಯುಮೊನಿಸಿನ್ ಇದೆಯೆಂದು ತೋರಿಸಿದರು.

ಯುವ ಮಿತ್ರರು ಆಸ್ಪ್ಟೆರಿಕ್ ಆಮ್ಲದ ಬಗ್ಗೆ ಕೇಳದೆ ಬಿಡುವವರಲ್ಲ. 2018ರ ಆ ಕೆಲಸ ನಿಜಕ್ಕೂ ಸೊಗಸು. ವಿಷ ತಯಾರಿಸುವ ಬೂಷ್ಟು ತಾನು ಸಾಯದಿರಲು ವಿಷದ ಜೀನ್‌ಗಳ ಪಕ್ಕದಲ್ಲೇ ವಿಷಕ್ಕೆ ಬಗ್ಗದ ಇನ್ನೊಂದು ಕಿಣ್ವದ ಜೀನ್ ಇಟ್ಟುಕೊಂಡಿರಬೇಕು ಎಂದು ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ಊಹಿಸಿದರು. ಆ ಜಾಡು ಹಿಡಿದು ಆಸ್ಪರ್ಜಿಲಸ್ ಟೆರಿಯಸ್‌ನಲ್ಲಿ ಆ ಅಣುವಿಗೆ ಬಂದು ತಲುಪಿದರು. ಗಿಡಗಳಲ್ಲಿದ್ದು ಪ್ರಾಣಿಗಳಲ್ಲಿಲ್ಲದ ಅಮೈನೊ ಆಮ್ಲದ ಹಾದಿಯನ್ನೇ ಅದು ಮುಚ್ಚುತ್ತದೆ. ಅಲ್ಲಿಗೇ ನಿಲ್ಲಲಿಲ್ಲ, ಬೂಷ್ಟಿನ ಆ ಜೀನನ್ನು ಗಿಡಕ್ಕೆ ಹಾಕಿ, ಗಿಡ ವಿಷ ತಾಳುವುದನ್ನೂ ತೋರಿಸಿದರು. ಎಲ್ಲವನ್ನೂ ಕೊಲ್ಲುವ ಔಷಧಿ, ಅದನ್ನು ತಾಳುವ ಬೆಳೆ: ಇಂಥದ್ದೇ ಜೋಡಿಯ, ಗ್ಲೈಫೊಸೇಟ್ ತಾಳುವ ಹತ್ತಿಬೀಜವನ್ನು ಅನುಮತಿಯಿಲ್ಲದೆಯೇ 2019ರ ಜೂನ್‌ನಲ್ಲಿ ಅಕೋಲಾ ಜಿಲ್ಲೆಯ ರೈತರು ಬಹಿರಂಗವಾಗಿ ಬಿತ್ತಿದ್ದನ್ನು ಈ ರಾಜ್ಯದವರು ಮರೆತಿರಲಾರರು. ಔಷಧಿ ಹೊಸದು, ಬೇಸಾಯದ ಲೆಕ್ಕ ಹಳೆಯದೇ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಹೊರಗೆ ಚಹಾ ಸಿದ್ಧವಾಗಿದೆ. ಮೊದಲ ಗೋಷ್ಠಿಯವರಲ್ಲಿ ಒಂದು ಕೋರಿಕೆ. ನಿಮ್ಮ ಕೋಷ್ಟಕಗಳಲ್ಲಿ ಬೂಷ್ಟಿನ ಸಾರ ಎಷ್ಟು ಹನಿ, ಕಳೆ ಎಷ್ಟು ಸತ್ತಿತು ಎಂಬುದಿರುತ್ತದೆ. ಅದರ ಜತೆಗೆ ಇನ್ನೂ ಒಂದು ಕಂಬಸಾಲು ಇರಲಿ: ಸೋಂಕು ತಗುಲಿದ ಎಲೆಯೊಳಗೆ, ಕಪ್ಪು ಕಲೆ ಕಾಣಿಸಿಕೊಳ್ಳುವ ಮೊದಲು, ಆ ಅಣು ಇತ್ತೆ, ಇದ್ದರೆ ಎಷ್ಟು? ಅಷ್ಟನ್ನು ಅಳೆದು ತಂದವರು ಇದ್ದರೆ ಅವರೇ ಮೊದಲು ಮಾತಾಡಲಿ. ಕಾರ್ಯಕ್ರಮ ಪಟ್ಟಿಯನ್ನು ಹಿಂದುಮುಂದು ಮಾಡಲು ಸಂಘಟಕರನ್ನು ಈ ಮುದುಕ ಒಪ್ಪಿಸುತ್ತಾನೆ.