ಹಿಮದ ಹಾದಿಯಲ್ಲಿ ಮೋಟಾರು

ನಮ್ಮ ನುಡಿಯಲ್ಲಿ ಮಂಜು ಎಂಬ ಒಂದೇ ಮಾತು ಹಲವು ಕೆಲಸಗಳನ್ನು ಮಾಡುತ್ತದೆ. ಮಾಗಿಯ ಬೆಳಗಿನಲ್ಲಿ ಮಡಿಕೇರಿಯ ಕೊಳ್ಳಗಳನ್ನು ಮುಚ್ಚುವುದೂ ಮಂಜೇ. ಗರಿಕೆಯ ತುದಿಯಲ್ಲಿ ಹೊಳೆಯುವ ಹನಿಯೂ ಮಂಜೇ. ಹಿಮಾಲಯದ ನೆತ್ತಿಯ ಮೇಲೆ ಕುಳಿತಿರುವುದೂ ಮಂಜೇ. ಮೊದಲಿನೆರಡು ಬಿಸಿಲೇರಿದೊಡನೆ ಕರಗಿಹೋಗುತ್ತವೆ. ಮೂರನೆಯದು ಅಷ್ಟು ಸುಲಭವಾಗಿ ದಾರಿ ಬಿಡುವುದಿಲ್ಲ. ನಮಗೆ ಹುಟ್ಟಿನಿಂದ ಪರಿಚಯವಿರುವುದು ಮೊದಲಿನೆರಡೇ. ಆದರೆ ಈಚೆಗೆ ನಾವು ಮೂರನೆಯದನ್ನು ಅರಸಿಕೊಂಡು ಹೋಗತೊಡಗಿದ್ದೇವೆ. ಡಿಸೆಂಬರ್ ರಜೆ ಬಂತೆಂದರೆ ಬೆಂಗಳೂರು ಮೈಸೂರುಗಳ ಎಷ್ಟೋ ಕುಟುಂಬಗಳು ಮನಾಲಿಯ ಕಡೆ ಹೊರಡುತ್ತವೆ. ಅಲ್ಲಿ ಕಾರೊಂದನ್ನು ಬಾಡಿಗೆಗೆ ಹಿಡಿದು ತಾವೇ ನಡೆಸುವವರೂ ಉಂಟು. ಹಿಂದೆ ರೋಹ್ತಾಂಗ್ ಘಾಟಿ ಹಿಮದಿಂದ ಮುಚ್ಚಿತೆಂದರೆ ಲಾಹುಲ್ ಸೀಮೆಗೆ ಚಳಿಗಾಲದಲ್ಲಿ ಮೋಟಾರಿನ ಹಾದಿಯೇ ಇರಲಿಲ್ಲ. ೨೦೨೦ನೆಯ ಇಸವಿಯ ಅಕ್ಟೋಬರ್ ೩ರಂದು, ಒಂಬತ್ತು ಕಿಲೋಮೀಟರಿಗೂ ತುಸು ಉದ್ದವಾದ ಅಟಲ್ ಸುರಂಗವು ತೆರೆದ ಮೇಲೆ ಆ ಬಾಗಿಲು ಚಳಿಗಾಲದಲ್ಲಿಯೂ ತೆರೆಯಿತು. ಇನ್ನು ಕೆನಡಾ, ಜರ್ಮನಿ ಮೊದಲಾದ ದೇಶಗಳಲ್ಲಿ ನೆಲಸಿರುವ ಕನ್ನಡಿಗರಿಗಂತೂ ಇದು ವರ್ಷ ವರ್ಷದ ವಿಷಯ. ಆದುದರಿಂದ, ಹಿಮದ ನಾಡಿನಲ್ಲಿ ಕಾರನ್ನು ನಡೆಸುವವರು ಅದನ್ನು ಹೇಗೆ ಸಜ್ಜುಗೊಳಿಸಬೇಕೆಂಬುದನ್ನು ಈ ಹೊತ್ತು ವಿಚಾರ ಮಾಡೋಣ.

“ಈ ಕಾರು ಹಿಮದಲ್ಲಿ ಹೋಗುತ್ತದೆಯೆ?” ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ನಾವು ಕೇಳಬೇಕಾದುದು ಅದಲ್ಲ. “ಈ ಕಾರು ಹಿಮದಲ್ಲಿ ನಿಲ್ಲುತ್ತದೆಯೆ?” ಎಂಬುದೇ ಸರಿಯಾದ ಪ್ರಶ್ನೆ. ನಿಲ್ಲುವುದರಲ್ಲಿಯೂ ಎರಡು ಬಗೆ. ನಾವು ಬೇಕೆಂದಾಗ ನಿಲ್ಲುವುದು ಒಂದು. ಬೇಡವೆಂದರೂ ಹಿಮವೇ ನಮ್ಮನ್ನು ತಡೆದು ನಿಲ್ಲಿಸುವುದು ಇನ್ನೊಂದು. ಚಳಿಗಾಲದ ಸಲಕರಣೆಗಳೆಲ್ಲವೂ ಈ ಎರಡಕ್ಕಾಗಿಯೇ ಇವೆ.

ಮೊದಲನೆಯದನ್ನು ನೋಡೋಣ. ಗಂಟೆಗೆ ೫೦ ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು, ಬ್ರೇಕು ಹಿಡಿದ ಮೇಲೆ, ಒಣಗಿದ ಡಾಂಬರು ರಸ್ತೆಯಲ್ಲಿ ಸುಮಾರು ೧೪ ಮೀಟರಿನೊಳಗೆ ನಿಲ್ಲುತ್ತದೆ. ಚಕ್ರಗಳ ತುಳಿತಕ್ಕೆ ಗಟ್ಟಿಯಾದ ಹಿಮದ ಮೇಲೆ ಅದೇ ಕಾರಿಗೆ ೫೦ ಮೀಟರ್ ಬೇಕಾದೀತು. ನುಣುಪಾದ ಮಂಜುಗಡ್ಡೆಯ ಮೇಲೆ ೧೦೦ ಮೀಟರ್. ಬ್ರೇಕಿನಲ್ಲಿ ದೋಷವಿಲ್ಲ; ಚಕ್ರಕ್ಕೂ ನೆಲಕ್ಕೂ ಇರುವ ಹಿಡಿತವೇ ಅಷ್ಟು ಕುಗ್ಗಿರುತ್ತದೆ. ನಾಲ್ಕು ಚಕ್ರಗಳಿಗೂ ಯಂತ್ರದ ಬಲ ಹರಿಯುವ ಗಾಡಿಯಿದ್ದರೆ ಭಯವಿಲ್ಲವೆಂದು ಹಲವರು ನಂಬಿದ್ದಾರೆ. ಅಂಥ ಗಾಡಿ ಹಿಮದಲ್ಲಿ ಹೊರಡಲು ಬಲು ಅನುಕೂಲ. ಆದರೆ ಬ್ರೇಕು ಹಿಡಿಯುವಾಗ ಅದಕ್ಕೂ ಬೇರೆ ಗಾಡಿಗಳಿಗೂ ಭೇದವಿಲ್ಲ. ಸುಲಭವಾಗಿ ಹೊರಟು, ನಿಲ್ಲಲಾರದೆ ಹೋಗುವುದು ಇನ್ನೂ ಹೆಚ್ಚಿನ ಅಪಾಯ.

ಈ ಹಿಡಿತವು ನಾಲ್ಕು ಟೈರುಗಳು ನೆಲವನ್ನು ಮುಟ್ಟುವ ನಾಲ್ಕು ಅಂಗೈಯಗಲದ ಜಾಗದಲ್ಲಿ ಮಾತ್ರ ಇದೆ. ಸಾಮಾನ್ಯ ಟೈರಿನ ರಬ್ಬರು ಉಷ್ಣತೆ ಸುಮಾರು ೭ ಡಿಗ್ರಿಗಿಂತ ಕೆಳಗಿಳಿದರೆ ಪೆಡಸಾಗುತ್ತ ಹೋಗುತ್ತದೆ. ಪೆಡಸಾದ ರಬ್ಬರು ನೆಲವನ್ನು ಅಪ್ಪಲಾರದು. ಚಳಿಗಾಲದ ಟೈರಿನ ರಬ್ಬರು ಶೀತದಲ್ಲಿಯೂ ಮೆತ್ತಗಿರುತ್ತದೆ. ಅದರ ಮೈಮೇಲಿನ ಸಣ್ಣ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಮೂರು ಶಿಖರಗಳ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು, ಇದೇ ಆ ಟೈರಿನ ಗುರುತು. ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ ೧ರಿಂದ ಮಾರ್ಚ್ ೧೫ರವರೆಗೆ ಚಳಿಗಾಲದ ಟೈರು ಕಡ್ಡಾಯ. ಜರ್ಮನಿಯಲ್ಲಿ ೨೦೨೪ರ ಅಕ್ಟೋಬರ್‌ನಿಂದ ಈ ಗುರುತಿಲ್ಲದ ಟೈರನ್ನು ಚಳಿಗಾಲದ ಟೈರೆಂದು ಒಪ್ಪುವುದಿಲ್ಲ. ಹಾಕುವುದಾದರೆ ನಾಲ್ಕನ್ನೂ ಹಾಕಬೇಕು. ಮುಂದೆರಡಕ್ಕೆ ಮಾತ್ರ ಹಾಕಿದರೆ ತಿರುವಿನಲ್ಲಿ ಗಾಡಿಯ ಹಿಂಭಾಗ ಜಾರಿ, ಗಾಡಿ ತಿರುಗಿ ನಿಂತೀತು. ಚಳಿಗೆ ಟೈರಿನ ಗಾಳಿಯೂ ಇಳಿಯುತ್ತದೆ: ಪ್ರತಿ ಐದಾರು ಡಿಗ್ರಿಗೆ ಹೆಚ್ಚು ಕಡಮೆ ಒಂದು ಪೌಂಡು. ಆದಕಾರಣ ಬೆಳಗ್ಗೆ ಹೊರಡುವ ಮೊದಲೇ ಅಳೆದು ನೋಡುವುದು ಲೇಸು.

ನಮ್ಮ ಹಿಮಾಲಯದ ಊರುಗಳಲ್ಲಿ ಚಳಿಗಾಲದ ಟೈರಿಗಿಂತ ಉಕ್ಕಿನ ಸರಪಣಿಯೇ ಹೆಚ್ಚು ಬಳಕೆಯಲ್ಲಿದೆ. ಅದು ಟೈರಿನ ಅಳತೆಗೆ ಒಪ್ಪುವಂತಿರಬೇಕು. ಯಂತ್ರವು ತಿರುಗಿಸುವ ಚಕ್ರಗಳಿಗೆ ಅದನ್ನು ತೊಡಿಸಬೇಕು. ತೊಡಿಸಿದ ಮೇಲೆ ಮೆಲ್ಲಗೆ ನಡೆಸಬೇಕು. ಹಿಮವಿಲ್ಲದ ರಸ್ತೆಗೆ ಬಂದೊಡನೆ ತೆಗೆದಿಡಬೇಕು. ಬೆರಳು ಮರಗಟ್ಟುವ ಚಳಿಯಲ್ಲಿ, ಕತ್ತಲೆಯಲ್ಲಿ, ಮೊದಲ ಸಲ ಸರಪಣಿ ಕಟ್ಟಲು ಹೊರಡುವುದು ಜಾಣತನವಲ್ಲ. ತಂಗಿರುವ ಮನೆಯ ಅಂಗಳದಲ್ಲಿ ಹಗಲು ಹೊತ್ತಿನಲ್ಲಿಯೇ ಒಮ್ಮೆ ಕಟ್ಟಿ ಬಿಚ್ಚಿ ಕಲಿತುಕೊಳ್ಳಬೇಕು.

ಇನ್ನು ಯಂತ್ರದ ಮಾತು. ರೇಡಿಯೇಟರಿಗೆ ಕೊಳಾಯಿಯ ನೀರನ್ನೇ ತುಂಬುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ನಮ್ಮ ಊರಿನಲ್ಲಿ ಇದರಿಂದ ತುಕ್ಕು ಹಿಡಿಯಬಹುದು. ಹಿಮದ ಊರಿನಲ್ಲಿ ಯಂತ್ರವೇ ಒಡೆಯಬಹುದು. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರವು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಆ ಒತ್ತಡಕ್ಕೆ ಎರಕದ ಲೋಹವೂ ಸೀಳುತ್ತದೆ. ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ನೀರಿನೊಡನೆ ಸಮಸಮವಾಗಿ ಬೆರೆಸಿದರೆ ಅದು ಸೊನ್ನೆಗಿಂತ ಸುಮಾರು ೩೭ ಡಿಗ್ರಿ ಕೆಳಗಿನವರೆಗೂ ಹೆಪ್ಪುಗಟ್ಟದು. ಡೀಸೆಲ್ ಎಣ್ಣೆಯೂ ಶೀತದಲ್ಲಿ ಮೇಣಗಟ್ಟುತ್ತದೆ. ಲಡಾಖಿಗಾಗಿ ಸೊನ್ನೆಗಿಂತ ೩೩ ಡಿಗ್ರಿ ಕೆಳಗೂ ಹರಿಯಬಲ್ಲ ಡೀಸೆಲ್ಲನ್ನು ೨೦೧೯ರಲ್ಲಿ ಬಿಡುಗಡೆ ಮಾಡಿದುದು ಈ ಕಾರಣದಿಂದಲೇ. ಬ್ಯಾಟರಿಯ ಶಕ್ತಿಯೂ ಚಳಿಗೆ ಕುಂದುತ್ತದೆ. ಯಂತ್ರವನ್ನು ಎಬ್ಬಿಸಲು ಹೆಚ್ಚು ಬಲ ಬೇಕಾದ ಹೊತ್ತಿನಲ್ಲಿಯೇ ಅದರ ಬಲ ಕಡಮೆಯಾಗಿರುತ್ತದೆ. ಹಳೆಯ ಬ್ಯಾಟರಿಯನ್ನು ಹೊರಡುವ ಮುನ್ನವೇ ಪರೀಕ್ಷೆ ಮಾಡಿಸಬೇಕು.

ಕಣ್ಣಿಗೆ ದಾರಿ ಕಾಣದಿದ್ದರೆ ಇವೆಲ್ಲ ಇದ್ದೂ ವ್ಯರ್ಥ. ಮುಂದಿನ ಗಾಜಿನಲ್ಲಿ ಇಣುಕುವಷ್ಟು ಜಾಗವನ್ನು ಕೆರೆದುಕೊಂಡು ಹೊರಡುವವರಿದ್ದಾರೆ. ಎಲ್ಲ ಗಾಜುಗಳನ್ನೂ, ದೀಪಗಳನ್ನೂ, ಗಾಡಿಯ ಮೇಲ್ಭಾಗವನ್ನೂ ಗುಡಿಸಬೇಕು. ಇಲ್ಲವಾದರೆ ಬ್ರೇಕು ಹಿಡಿದಾಗ ಮೇಲಿನ ಹಿಮವೆಲ್ಲ ಮುಂದಿನ ಗಾಜಿಗೆ ಜಾರಿ ಬರುತ್ತದೆ. ಗಾಜಿನ ಮೇಲೆ ಬಿಸಿನೀರನ್ನು ಮಾತ್ರ ಸುರಿಯಬಾರದು, ಗಾಜು ಬಿರಿದೀತು.

ಈಗ ಎರಡನೆಯ ಬಗೆಯ ನಿಲುಗಡೆ. ೨೦೨೨ರ ಜನವರಿ ೭ರ ರಾತ್ರಿ, ಪಾಕಿಸ್ತಾನದ ಮರ್ರೀ ಎಂಬ ಗಿರಿಧಾಮದ ರಸ್ತೆಯಲ್ಲಿ, ಹಿಮ ನೋಡಲೆಂದು ಬಂದವರ ವಾಹನಗಳು ಸಾಲುಸಾಲಾಗಿ ಸಿಕ್ಕಿಕೊಂಡವು. ಬೆಳಗಾಗುವುದರೊಳಗೆ, ಮಕ್ಕಳೂ ಸೇರಿ, ಇಪ್ಪತ್ತಕ್ಕೂ ಹೆಚ್ಚು ಜನ ತಮ್ಮ ತಮ್ಮ ಕಾರುಗಳಲ್ಲಿಯೇ ಮಡಿದಿದ್ದರು. ಕೆಲವರನ್ನು ಶೀತವು ಕೊಂದಿತು. ಕೆಲವರನ್ನು ವಿಷಾನಿಲವು ಕೊಂದಿತೆಂದು ವರದಿಯಾಯಿತು. ಅವರೂ ನಮ್ಮಂತೆ ರಜೆಯಲ್ಲಿ ಸಂಸಾರದೊಡನೆ ಹೊರಟವರೇ. ನಿಂತ ಕಾರಿನ ಹೊಗೆಕೊಳವೆಯನ್ನು ಹಿಮ ಮುಚ್ಚಿದರೆ, ಯಂತ್ರದ ಹೊಗೆ ಹೊರಗೆ ಹೋಗಲಾರದೆ ಒಳಗೆ ನುಸುಳುತ್ತದೆ. ಅದರಲ್ಲಿರುವ ಇಂಗಾಲದ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಚ್ಚಗಿದೆಯೆಂದು ನಿದ್ದೆ ಹೋದವರು ಏಳುವುದೇ ಇಲ್ಲ.

ಆದಕಾರಣ ಕಾರಿನಲ್ಲಿ ಒಂದು ಸಲಿಕೆಯಿರಲಿ. ಹಿಮದಲ್ಲಿ ಸಿಕ್ಕಿಕೊಂಡಾಗ ಅದರ ಮೊದಲ ಕೆಲಸ ಚಕ್ರದ ಬಳಿಯಲ್ಲ, ಹೊಗೆಕೊಳವೆಯ ಬಳಿ. ಕೊಳವೆ ತೆರವಾಗಿದೆಯೆಂದು ನೋಡಿಕೊಂಡು, ಗಂಟೆಗೆ ಹತ್ತು ನಿಮಿಷ ಮಾತ್ರ ಯಂತ್ರವನ್ನು ನಡೆಸಿ, ಗಾಳಿಗೆ ಮರೆಯಾದ ಕಡೆಯ ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದಿಡಬೇಕು. ಕಾರಿನೊಳಗೆ ಕೆಂಡದ ಅಗ್ಗಿಷ್ಟಿಕೆಯನ್ನು ಎಂದೂ ಇಡಬಾರದು. ತಲೆಗೊಂದು ಕಂಬಳಿ, ಉಣ್ಣೆಯ ಟೋಪಿ, ಟಾರ್ಚು, ದೂರವಾಣಿಗೆ ವಿದ್ಯುತ್ತು ತುಂಬುವ ಸಾಧನ, ಚಕ್ರದಡಿ ಎರಚಲು ಒಂದು ಚೀಲ ಮರಳು, ಗುರುತಿಗಾಗಿ ಕಟ್ಟಲು ಒಂದು ಕೆಂಪು ವಸ್ತ್ರ, ಕುಡಿಯುವ ನೀರು ಇವು ಇರಲಿ. ತಿನ್ನುವುದಕ್ಕೆ ನಮ್ಮ ಹಿರಿಯರ ಪ್ರಯಾಣದ ಬುತ್ತಿಗಿಂತ ಮೇಲಾದುದಿಲ್ಲ: ಹುರಿಗಡಲೆ, ಬೆಲ್ಲ, ಅವಲಕ್ಕಿ. ಇಂಧನದ ತೊಟ್ಟಿ ಅರ್ಧಕ್ಕಿಂತ ಕೆಳಗಿಳಿಯದಿರಲಿ. ಹಿಮ ಸುರಿಯುವಾಗ ಕಾರನ್ನು ಬಿಟ್ಟು ನಡೆದು ಹೋಗುವ ಯೋಚನೆ ಬೇಡ; ಹುಡುಕಿ ಬರುವವರಿಗೆ ಮನುಷ್ಯನಿಗಿಂತ ಕಾರು ಬೇಗ ಕಾಣುತ್ತದೆ.

ಮನಾಲಿಯಲ್ಲಿ ಕಾರಿನ ಕೀಲಿಯನ್ನು ಕೈಗೆ ತೆಗೆದುಕೊಳ್ಳುವ ಮೊದಲು, ಬಾಡಿಗೆಯ ದರವನ್ನು ಕೇಳುವಷ್ಟೇ ಶ್ರದ್ಧೆಯಿಂದ ನಾವು ನಾಲ್ಕು ಮಾತು ಕೇಳೋಣ: ಟೈರು ಯಾವ ಬಗೆಯದು? ಸರಪಣಿ ಎಲ್ಲಿ? ರೇಡಿಯೇಟರಿನಲ್ಲಿರುವುದು ಏನು? ಸಲಿಕೆ ಇದೆಯೆ? ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ಆ ದಾರಿಯನ್ನು ಬಲ್ಲ ಸ್ಥಳೀಯ ಚಾಲಕನೊಬ್ಬನ ಗಾಡಿಯಲ್ಲಿ ಕುಳಿತು ಹೋಗೋಣ. ಅವನು “ಇವತ್ತು ಬೇಡ” ಎಂದರೆ, ಹಿಮವನ್ನು ಅಂದಿಗೆ ಕಿಟಕಿಯಿಂದಲೇ ನೋಡಿ ಸಂತೋಷಪಡೋಣ.