ಹೊಳೆಯ ಹೊಳಪು ಮತ್ತು ನಂಬರ್ ಕನ್ನಡಕ

(ಸಂಘದ ರಜತ ಮಹೋತ್ಸವದ ಅಂಗವಾಗಿ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮೀನು ಹಿಡಿಯುವವರೇ ಸೇರಿ ಕಟ್ಟಿದ ಸಂಘವೊಂದು ಇಪ್ಪತ್ತೈದು ವರ್ಷ ಬಾಳಿ ಬೆಳೆಯುವುದು ಸಣ್ಣ ಮಾತಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಚ್ಚಿದ ಸಹಕಾರದ ದೀಪ ನಮ್ಮ ಕಪಿಲೆಯ ದಡದಲ್ಲೂ ಉರಿಯುತ್ತಿದೆ ಎಂಬುದು ನಮಗೆಲ್ಲ ಹೆಮ್ಮೆಯ ವಿಷಯ. ಸಾಲ, ಬಲೆ, ಮೀನುಮರಿ ಇವುಗಳ ಬಗ್ಗೆ ಮಾತನಾಡಲು ಬಲ್ಲವರಿದ್ದಾರೆ. ನಾನು ಮೀನು ಹಿಡಿಯುವ ಮನೆಯಲ್ಲಿ ಹುಟ್ಟಿ, ಕನ್ನಡಕದ ಅಂಗಡಿಯಲ್ಲಿ ಅನ್ನ ತಿನ್ನುತ್ತಿರುವವನು. ಹಾಗಾಗಿ ನನ್ನ ಪಾಲಿಗೆ ಬಂದಿರುವುದು ಕಣ್ಣಿನ ವಿಷಯ. ಎರಡು ಮಾತು ಹೇಳಿ ಮುಗಿಸುತ್ತೇನೆ.

ನಂಜನಗೂಡಿನಿಂದ ತಿರುಮಕೂಡಲು ನರಸೀಪುರದ ಸಂಗಮದವರೆಗೆ ಹೊಳೆಯ ಮೇಲೆ ಕೆಲಸ ಮಾಡುವವರಿಗೆಲ್ಲ ಒಂದೇ ದೂರು. ಬೆಳಿಗ್ಗೆ ಬಿಸಿಲೇರಿದ ಮೇಲೆ ತೆಪ್ಪದಲ್ಲಿ ಕೂತು ನೀರು ನೋಡಿದರೆ ಕಣ್ಣು ಕೋರೈಸುತ್ತೆ. ಬಲೆಯ ಬೆಂಡು ಕಾಣಲ್ಲ, ನೀರಿನಡಿಯ ಬಂಡೆ ಕಾಣಲ್ಲ, ಮುಳುಗಿದ ಮರದ ಬೊಡ್ಡೆ ಕಾಣಲ್ಲ. ಮನೆಗೆ ಬಂದರೆ ತಲೆನೋವು, ಕಣ್ಣುರಿ. ವಯಸ್ಸು ನಲವತ್ತು ದಾಟಿ ನಂಬರ್ ಕನ್ನಡಕ ಬಂದವರಿಗಂತೂ ಕಷ್ಟ ಎರಡರಷ್ಟು. ಕನ್ನಡಕ ಹಾಕಿದರೆ ಹೊಳಪು ಹೋಗಲ್ಲ. ಅದನ್ನು ತೆಗೆದು ಕೂಲಿಂಗ್ ಗ್ಲಾಸ್ ಹಾಕಿದರೆ ಎಲ್ಲ ಮಸುಕು. ಮಾಡುವುದೇನು?

“ಕಪ್ಪಗಿರೋ ಕನ್ನಡಕ ಒಂದು ತಗೊಂಡ್ರೆ ಸಾಕಲ್ವೇನಪ್ಪಾ?” ಅಂತ ಕೇಳುವವರಿದ್ದಾರೆ. ಸಾಲದು. ಕಪ್ಪು ಗಾಜು ಎಲ್ಲ ಬೆಳಕನ್ನೂ ಒಂದೇ ಸಮ ಕಡಿಮೆ ಮಾಡುತ್ತೆ. ಹೊಳಪೂ ಕಡಿಮೆ, ಅದರ ಕೆಳಗಿರುವ ಬಂಡೆಯೂ ಮಂಕು. ನಮಗೆ ಬೇಕಾದ್ದು ಹೊಳಪನ್ನು ಮಾತ್ರ ತಡೆದು ಉಳಿದದ್ದನ್ನು ಬಿಡುವ ಗಾಜು. ಅದಕ್ಕೆ ಪೋಲರೈಸ್ಡ್ ಗಾಜು ಅನ್ನುತ್ತಾರೆ. ಪುಸ್ತಕದಲ್ಲಿ ಧ್ರುವೀಕರಣ ಎಂದಿರುತ್ತೆ.

ಅದು ಹೇಗೆ ಕೆಲಸ ಮಾಡುತ್ತೆ ಎಂಬುದನ್ನು ಸರಳವಾಗಿ ಹೇಳುತ್ತೇನೆ. ಕಿಟಕಿಯ ನೆಟ್ಟನೆ ಸರಳುಗಳ ನಡುವೆ ಹಗ್ಗ ತೂರಿಸಿ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಹಿಡಿದುಕೊಳ್ಳಿ. ಹಗ್ಗವನ್ನು ಮೇಲೆ ಕೆಳಗೆ ಕುಲುಕಿದರೆ ಅಲೆ ಆಚೆ ಹೋಗುತ್ತೆ. ಅಡ್ಡಡ್ಡ ಕುಲುಕಿದರೆ ಸರಳಿಗೆ ಬಡಿದು ನಿಲ್ಲುತ್ತೆ. ಬೆಳಕೂ ಅಲೆಯೇ. ಬಿಸಿಲಿನ ಬೆಳಕು ಎಲ್ಲ ದಿಕ್ಕಿಗೂ ಕುಲುಕುತ್ತಿರುತ್ತೆ. ಆದರೆ ನೀರಿನ ಮೇಲ್ಮೈಗೆ ಬಿದ್ದು ಚಿಮ್ಮುವ ಬೆಳಕು ಹೆಚ್ಚಾಗಿ ಅಡ್ಡಡ್ಡ ಕುಲುಕುತ್ತೆ. ಪೋಲರೈಸ್ಡ್ ಗಾಜಿನೊಳಗಿನ ಪದರ ಈ ನೆಟ್ಟನೆ ಸರಳಿನ ಹಾಗೆ. ಅಡ್ಡ ಕುಲುಕುವ ಹೊಳಪನ್ನು ತಡೆಯುತ್ತೆ, ಬಂಡೆಯಿಂದ, ಮೀನಿನಿಂದ ಬರುವ ಬೆಳಕಿನಲ್ಲಿ ಬಹುಪಾಲನ್ನು ಬಿಡುತ್ತೆ.

ಇದೇನೂ ನಿನ್ನೆ ಮೊನ್ನೆಯ ವಿದ್ಯೆಯಲ್ಲ. 1808ರಲ್ಲಿ ಫ್ರಾನ್ಸ್ ದೇಶದ ಮಾಲುಸ್ ಎಂಬಾತ ಅರಮನೆಯ ಕಿಟಕಿಗೆ ಬಡಿದು ಬರುತ್ತಿದ್ದ ಸಂಜೆ ಬಿಸಿಲನ್ನು ಸ್ಫಟಿಕದ ಮೂಲಕ ನೋಡುವಾಗ ಇದನ್ನು ಕಂಡುಕೊಂಡ. ಅಮೆರಿಕದ ಎಡ್ವಿನ್ ಲ್ಯಾಂಡ್ 1930ರ ದಶಕದಲ್ಲಿ ತೆಳು ಹಾಳೆಯ ರೂಪದಲ್ಲಿ ಇದನ್ನು ಕನ್ನಡಕಕ್ಕೆ ತಂದ. ನಮ್ಮವರೂ ಹಿಂದೆ ಬಿದ್ದಿಲ್ಲ. ಧ್ರುವೀಕೃತ ಬೆಳಕಿನ ಬಗ್ಗೆ 1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಿಂದ ಹೆಸರಾಂತ ಪ್ರಬಂಧ ಬರೆದ ಪಂಚರತ್ನಂ ಅವರು ಮುಂದೆ 1961ರಿಂದ ಕೆಲವು ವರ್ಷ ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲೇ ಪಾಠ ಹೇಳಿದವರು.

ಈಗ ಮುಖ್ಯ ವಿಷಯಕ್ಕೆ ಬರೋಣ. ನಂಬರ್ ಇರುವವರು ಯಾವುದನ್ನು ಕೊಳ್ಳಬೇಕು?

ಮೊದಲು ನಿಮ್ಮ ನಂಬರ್ ಎಂಥದು ಅಂತ ತಿಳಿದುಕೊಳ್ಳಿ. ಓದುವುದಕ್ಕೆ, ಬಲೆ ಹೆಣೆಯುವುದಕ್ಕೆ ಮಾತ್ರ ಕನ್ನಡಕ ಬೇಕು, ದೂರದ್ದು ಚೆನ್ನಾಗಿ ಕಾಣುತ್ತೆ ಅನ್ನುವವರಿಗೆ ಹೊಳೆಯ ಮೇಲೆ ನಂಬರೇ ಬೇಡ. ನಂಬರಿಲ್ಲದ ಸಾದಾ ಪೋಲರೈಸ್ಡ್ ಕನ್ನಡಕ ಸಾಕು. ಅಂಥವರು ನಂಬರಿಗೆಂದು ಹೆಚ್ಚು ದುಡ್ಡು ಕೊಡಬೇಕಾಗಿಲ್ಲ. ದೂರದ ನಂಬರ್ ಇರುವವರಿಗೆ ಮೂರು ದಾರಿಗಳಿವೆ.

ಒಂದು, ಕ್ಲಿಪ್. ಈಗಿರುವ ಕನ್ನಡಕದ ಮೇಲೆಯೇ ಸಿಕ್ಕಿಸುವ ಪೋಲರೈಸ್ಡ್ ಗಾಜು. ಸಾಮಾನ್ಯವಾಗಿ ಇದೇ ಎಲ್ಲಕ್ಕಿಂತ ಅಗ್ಗ. ಮೇಲಕ್ಕೆ ಎತ್ತುವಂಥದ್ದು ಸಿಕ್ಕಿದರೆ ಇನ್ನೂ ಅನುಕೂಲ. ಮರದ ನೆರಳಿಗೆ ಬಂದಾಗ ಎತ್ತಿ, ಬಿಸಿಲಿಗೆ ಹೋದಾಗ ಇಳಿಸಬಹುದು. ಕೊರತೆ ಏನೆಂದರೆ ಪಕ್ಕದಿಂದ ಬೆಳಕು ನುಗ್ಗುತ್ತೆ. ಬಲೆ ಎಳೆಯುವಾಗ ದಾರಕ್ಕೆ ಸಿಕ್ಕಿ ಹೊಳೆಗೆ ಬೀಳುವ ಭಯವೂ ಉಂಟು. ಮರಳಿನ ಕಣ ನಡುವೆ ಸೇರಿದರೆ ನಂಬರ್ ಗಾಜಿನ ಮೇಲೆ ಗೀರು ಬೀಳುತ್ತೆ.

ಎರಡು, ಮೇಲುಗನ್ನಡಕ. ನಂಬರ್ ಕನ್ನಡಕವನ್ನು ಪೂರ್ತಿ ಮುಚ್ಚುವ ಹಾಗೆ ಅದರ ಮೇಲೆ ಹಾಕಿಕೊಳ್ಳುವ ದೊಡ್ಡ ಕನ್ನಡಕ. ಪಕ್ಕದ ಬೆಳಕನ್ನೂ ತಡೆಯುತ್ತೆ. ನಾಳೆ ನಂಬರ್ ಬದಲಾದರೆ ಒಳಗಿನದು ಮಾತ್ರ ಬದಲಾಗುತ್ತೆ, ಇದು ಹಾಗೇ ಉಳಿಯುತ್ತೆ. ನನ್ನ ಅನಿಸಿಕೆಯಲ್ಲಿ ನಮ್ಮ ಕೆಲಸಕ್ಕೆ, ನಮ್ಮ ಜೇಬಿಗೆ ಹೆಚ್ಚಿನವರಿಗೆ ಹೊಂದುವುದು ಇದೇ. ಭಾರ ಸ್ವಲ್ಪ ಜಾಸ್ತಿ, ಬೆವರಿಗೆ ಮಂಜು ಕಟ್ಟುತ್ತೆ. ಕೊಳ್ಳುವಾಗ ನಿಮ್ಮ ಕನ್ನಡಕ ಹಾಕಿಕೊಂಡೇ ಅಂಗಡಿಗೆ ಹೋಗಿ, ಅದರ ಮೇಲೆ ಇಟ್ಟು, ಬಗ್ಗಿ ತಲೆ ಕೊಡವಿ ನೋಡಿ. ಕಿವಿಯ ಹಿಂದೆ ಒತ್ತಬಾರದು, ಜಾರಬಾರದು.

ಮೂರು, ನಂಬರ್ ಹಾಕಿಸಿದ ಪೋಲರೈಸ್ಡ್ ಕನ್ನಡಕ. ನೋಟ ಎಲ್ಲಕ್ಕಿಂತ ಚೆನ್ನ, ಹಗುರ. ಆದರೆ ದುಬಾರಿ, ನಂಬರ್ ಬದಲಾದರೆ ಗಾಜೂ ಬದಲು. ನಂಬರ್ ಜಾಸ್ತಿ ಇರುವವರು ಮುಖಕ್ಕೆ ಸುತ್ತಿಕೊಳ್ಳುವ ಬಾಗಿದ ಫ್ರೇಮು ಬೇಡಿರಿ. ಅಂಚಿನಲ್ಲಿ ನೆಲ ಸೊಟ್ಟಗೆ ಕಾಣುತ್ತೆ. ಹಾಗೆಯೇ ಮೇಲೆ ದೂರ, ಕೆಳಗೆ ಹತ್ತಿರ ಎಂದು ಎರಡು ನಂಬರ್ ಇರುವ ಬೈಫೋಕಲ್ ಗಾಜನ್ನು ಹೊಳೆಗೆ ಹಾಕಿಸುವ ಮುನ್ನ ಯೋಚಿಸಿ. ತೆಪ್ಪದಿಂದ ಇಳಿಯುವಾಗ ಕಾಲು ನೋಡುವುದು ಕೆಳಗಿನ ಭಾಗದಲ್ಲಿ. ಅಲ್ಲಿ ಓದುವ ನಂಬರ್ ಇರುತ್ತೆ, ಕಾಲು ಇಡುವ ಬಂಡೆ ಮಸುಕಾಗುತ್ತೆ. ಹೊಳೆಗೆ ದೂರದ ನಂಬರ್ ಒಂದೇ ಇರಲಿ. ಬಲೆ ಹೆಣೆಯಲು ದಡದಲ್ಲಿ ಬೇರೆ ಕನ್ನಡಕ ಇರಲಿ.

ಮೋಸ ಹೋಗದ ಹಾಗೆ ಪರೀಕ್ಷೆ ಮಾಡುವುದನ್ನೂ ಕಲಿಯಿರಿ. ಜಾತ್ರೆಯಲ್ಲಿ, ರಸ್ತೆ ಬದಿಯಲ್ಲಿ ಪೋಲರೈಸ್ಡ್ ಅಂತ ಚೀಟಿ ಅಂಟಿಸಿದ್ದೆಲ್ಲ ಪೋಲರೈಸ್ಡ್ ಅಲ್ಲ. ಅಂಥ ಎರಡು ಕನ್ನಡಕ ತೆಗೆದುಕೊಂಡು ಒಂದರ ಗಾಜಿನ ಮುಂದೆ ಇನ್ನೊಂದರ ಗಾಜು ಹಿಡಿಯಿರಿ. ಒಂದನ್ನು ನಿಧಾನವಾಗಿ ಕಾಲು ಸುತ್ತು ತಿರುಗಿಸಿ. ಎರಡೂ ನಿಜವಾದರೆ ಕತ್ತಲು ಕವಿಯುತ್ತೆ. ಒಂದೇ ಕನ್ನಡಕ ಇದ್ದರೆ ಬಿಸಿಲಲ್ಲಿ ಬಕೆಟ್ಟಿನ ನೀರಿನ ಹೊಳಪು ನೋಡುತ್ತಾ ಕನ್ನಡಕವನ್ನು ತಿರುಗಿಸಿ. ಹೊಳಪು ಹೆಚ್ಚು ಕಡಿಮೆ ಆದರೆ ಸರಿ, ಏನೂ ಬದಲಾಗದಿದ್ದರೆ ಅದು ಬರೀ ಬಣ್ಣದ ಪ್ಲಾಸ್ಟಿಕ್ಕು. ಬಿಸಿಲಿಗೆ ತಾನೇ ಕಪ್ಪಾಗುವ ಗಾಜು ಬೇರೆ, ಪೋಲರೈಸ್ಡ್ ಬೇರೆ. ಅದನ್ನೂ ಇದನ್ನೂ ಒಂದೇ ಅಂದುಕೊಳ್ಳಬೇಡಿ.

ಇದರ ಜೊತೆಗೆ ಯುವಿ 400 ಎಂಬ ಗುರುತು ಕೇಳಿ ಪಡೆಯಿರಿ. ಬಿಸಿಲಿನ ಅತಿನೇರಳೆ ಕಿರಣ ಕಣ್ಣಿಗೆ ಕಾಣಲ್ಲ, ಆದರೆ ವರ್ಷಗಟ್ಟಲೆ ಬಿದ್ದರೆ ಪೊರೆ ಬೇಗ ಬರಬಹುದು, ಬಿಳಿಗುಡ್ಡೆಯಿಂದ ಕರಿಗುಡ್ಡೆ ಕಡೆಗೆ ಮಾಂಸ ಬೆಳೆಯಬಹುದು. ಆ ತಡೆ ಇಲ್ಲದ ಬರೀ ಕಪ್ಪು ಗಾಜು ಹಾಕುವುದು ಬರಿಗಣ್ಣಿಗಿಂತ ಕೆಟ್ಟದ್ದಾಗಬಹುದು. ಕತ್ತಲೆಂದು ಕಣ್ಣಿನ ಪಾಪೆ ಅಗಲವಾಗಿ, ಕಿರಣ ಇನ್ನಷ್ಟು ಒಳಗೆ ಹೋಗುತ್ತೆ.

ಬಣ್ಣದ ಮಾತು. ಬಿರುಬಿಸಿಲಲ್ಲಿ ಅಗಲವಾದ ನೀರಿಗೆ ಬೂದು ಬಣ್ಣ ಹಿತ. ಸ್ವಲ್ಪ ಬಗ್ಗಡ ಇರುವ ನೀರಿಗೆ, ಮೋಡದ ದಿನಕ್ಕೆ ಕಂದು ಅಥವಾ ಜೇನು ಬಣ್ಣ ಒಳ್ಳೆಯದು. ಮಳೆಗಾಲದಲ್ಲಿ ವೈನಾಡಿನ ಕಡೆಯಿಂದ ಕೆನ್ನೀರು ಬಂದಾಗ ಯಾವ ಕನ್ನಡಕವೂ ತಳ ತೋರಿಸಲಾರದು. ಗಾಜು ಮೇಲಿನ ಹೊಳಪು ತೆಗೆಯುತ್ತೆ, ನೀರಿನೊಳಗಿನ ಮಣ್ಣನ್ನಲ್ಲ.

ಇನ್ನು ನಾಲ್ಕು ಎಚ್ಚರಿಕೆ. ಇವು ಜೀವಕ್ಕೆ ಸಂಬಂಧಪಟ್ಟವು, ದಯವಿಟ್ಟು ಗಮನವಿಟ್ಟು ಕೇಳಿ.

ಮೊದಲನೆಯದು, ಆಳದ ಮೋಸ. ನೀರಿನ ತಳ ಯಾವಾಗಲೂ ಇರುವುದಕ್ಕಿಂತ ಮೇಲೆ ಕಾಣುತ್ತೆ. ನೇರ ಮೇಲಿನಿಂದ ನೋಡಿದರೆ ನಾಲ್ಕಡಿ ನೀರು ಮೂರಡಿಯಂತೆ, ಓರೆಯಾಗಿ ನೋಡಿದರೆ ಇನ್ನೂ ಕಡಿಮೆಯಂತೆ ಕಾಣುತ್ತೆ. ಹೊಳಪು ಹೋಗಿ ತಳ ನಿಚ್ಚಳವಾಗಿ ಕಂಡಾಗ “ಇಷ್ಟೇ ತಾನೇ” ಅಂತ ಇಳಿಯುವ ಧೈರ್ಯ ಬರುತ್ತೆ. ಮರಳು ತೆಗೆದ ಗುಂಡಿಗಳಿರುವ ಹೊಳೆ ಇದು. ಕಣ್ಣನ್ನು ನಂಬಬೇಡಿ, ಗಳು ಹಾಕಿ ಅಳೆದೇ ಇಳಿಯಿರಿ.

ಎರಡನೆಯದು, ದೂರ. ನಿಂತವನ ಕಣ್ಣು ನೀರಿನಿಂದ ಐದಡಿ ಎತ್ತರದಲ್ಲಿದ್ದರೆ ಈ ಗಾಜು ಹೆಚ್ಚು ಕೆಲಸ ಮಾಡುವುದು ಆರೇಳು ಅಡಿ ಮುಂದಿನ ನೀರಿನ ಮೇಲೆ. ದೂರ ಹೋದಷ್ಟೂ ಗುಣ ಕಡಿಮೆ. ಸೂರ್ಯ ಕೆಳಗಿರುವಾಗ ಎದುರಿಗೆ ಬರುವ ಹೊಳಪು ಪೂರ್ತಿ ಹೋಗಲ್ಲ. ತಲೆಗೆ ಟೋಪಿಯೋ, ಅಂಚು ಮುಂದೆ ಬರುವ ಹಾಗೆ ಟವಲ್ಲೋ ಇರಲೇಬೇಕು. ದೂರದಲ್ಲಿ ಮೊಸಳೆ ಇದೆಯೋ ಇಲ್ಲವೋ ಎಂಬುದನ್ನು ಕನ್ನಡಕದ ಮೇಲೆ ಬಿಡಬೇಡಿ.

ಮೂರನೆಯದು, ಹೊತ್ತು. ಮುಂಜಾನೆಯ ಮಬ್ಬಿನಲ್ಲಿ, ಸಂಜೆ ಬಲೆ ಬಿಡುವ ಹೊತ್ತಿಗೆ, ರಾತ್ರಿ ಇದನ್ನು ಹಾಕಲೇಬಾರದು. ಇರುವ ಬೆಳಕನ್ನೂ ಕಳೆದುಕೊಂಡಂತೆ. ಸಂಘಕ್ಕೆ ಮೀನು ತೂಗಲು ಬಂದಾಗಲೂ ತೆಗೆಯಿರಿ. ಕೆಲವು ತೂಕದ ಯಂತ್ರಗಳ ಅಂಕಿಗಳು ಈ ಗಾಜಿನ ಮೂಲಕ ಕಪ್ಪಾಗಿ ಮಾಯವಾಗುತ್ತವೆ. ಆಮೇಲೆ ಕಾರ್ಯದರ್ಶಿಗಳ ಮೇಲೆ ಅನುಮಾನ ಪಡಬೇಡಿ! (ನಗು)

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಬೆಳಕು ಕಂಡರೆ ಕಣ್ಣು ಚುಚ್ಚುತ್ತೆ, ದೀಪದ ಸುತ್ತ ಬಳೆ ಕಾಣುತ್ತೆ, ನೋಟ ಮಂಜಾಗಿದೆ ಅನ್ನುವವರಿಗೆ ಬೇಕಾಗಿರುವುದು ಕೂಲಿಂಗ್ ಗ್ಲಾಸ್ ಅಲ್ಲ, ಡಾಕ್ಟರು. ಅದು ಪೊರೆ ಇರಬಹುದು, ಒತ್ತಡದ ಕಾಯಿಲೆಯೂ ಇರಬಹುದು. ಪೊರೆಯನ್ನು ಆಪರೇಷನ್ ಮಾಡಿ ತೆಗೆಯಬಹುದು. ಒತ್ತಡದಿಂದ ಹೋದ ದೃಷ್ಟಿ ಮಾತ್ರ ಹಿಂದಕ್ಕೆ ಬರಲ್ಲ. ಡಾಕ್ಟರ್ ಎಂ.ಸಿ. ಮೋದಿಯವರು ಊರೂರಿಗೆ ಹೋಗಿ ಶಿಬಿರ ನಡೆಸಿ ಸಾವಿರಾರು ಜನರಿಗೆ ಕಣ್ಣು ಕೊಟ್ಟ ನಾಡು ಇದು. 1976ರಿಂದ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ ನಡೆದು ಬಂದಿದೆ. ಇಷ್ಟಿದ್ದೂ “ಇನ್ನೊಂದು ವರ್ಷ ನೋಡೋಣ” ಅಂತ ಕಪ್ಪು ಕನ್ನಡಕದ ಹಿಂದೆ ಕಣ್ಣು ಬಚ್ಚಿಟ್ಟುಕೊಂಡು ಕೂತವರು ನಮ್ಮಲ್ಲೇ ಇದ್ದಾರೆ. ಕನ್ನಡಕ ಕೊಳ್ಳುವ ಮೊದಲು ಕಣ್ಣು ತೋರಿಸಿ. ಹಳೆಯ ನಂಬರ್ ಚೀಟಿ ಹಿಡಿದು ಹೊಸ ಗಾಜು ಹಾಕಿಸಬೇಡಿ.

ಜೋಪಾನದ ಬಗ್ಗೆ ಒಂದು ಮಾತು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಳ್ಳಿ. ಹೊಳೆಗೆ ಬಿದ್ದದ್ದು ಮತ್ತೆ ಸಿಗಲ್ಲ. ಒಣಗಿದ ಗಾಜನ್ನು ಲುಂಗಿ ಅಂಚಿನಿಂದ ಉಜ್ಜಬೇಡಿ, ಮೊದಲು ಒಳ್ಳೆಯ ನೀರಲ್ಲಿ ಮರಳು ತೊಳೆದು ಆಮೇಲೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಕಾದ ಬಂಡೆಯ ಮೇಲೆ, ಬೈಕಿನ ಸೀಟಿನ ಮೇಲೆ ಬಿಸಿಲಿಗೆ ಬಿಟ್ಟರೆ ಒಳಗಿನ ಪದರ ಏಳುತ್ತೆ.

ನಮ್ಮಲ್ಲಿ ಇನ್ನೊಂದು ಅಡ್ಡಿ ಇದೆ, ನಾಚಿಕೆ. ಭೀಮೇಶ್ವರಿಯ ಕಡೆ ಬಿಳಿಮೀನಿಗೆ ಗಾಳ ಹಾಕಲು ಬರುತ್ತಿದ್ದ ಪಟ್ಟಣದವರು, ಪರದೇಶದವರು ಇಂಥ ಕನ್ನಡಕ ಹಾಕಿದರೆ ಅದು ಸಾಧನ. ನಮ್ಮ ತೆಪ್ಪದವನು ಹಾಕಿದರೆ “ನೋಡೋ, ಹೀರೋ ಬಂದ” ಅಂತ ನಗು. ಹೊಳೆಯ ಮೇಲೆ ನಾಲ್ಕು ಗಂಟೆ ಕೂರುವವನಿಗಿಂತ ಇದರ ಅಗತ್ಯ ಇನ್ಯಾರಿಗಿದೆ ಸ್ವಾಮಿ? ಹುಟ್ಟು, ಬಲೆ, ಹಗ್ಗ ಇದ್ದ ಹಾಗೆ ಇದೂ ಕಸುಬಿನ ಸಾಮಾನು.

ಕೊನೆಯದಾಗಿ ಆಡಳಿತ ಮಂಡಲಿಗೆ ಒಂದು ವಿನಂತಿ. ಒಬ್ಬೊಬ್ಬರೇ ಅಂಗಡಿಗೆ ಹೋದರೆ ಅಂಗಡಿಯವನು ಹೇಳಿದ್ದೇ ಬೆಲೆ, ಕೊಟ್ಟಿದ್ದೇ ಮಾಲು. ಸಂಘವೇ ಒಂದು ದಿನ ಗೊತ್ತು ಮಾಡಿ ತಾಲ್ಲೂಕು ಆಸ್ಪತ್ರೆಯವರನ್ನು ಕೇಳಿಕೊಂಡು ಸದಸ್ಯರ ಕಣ್ಣು ತಪಾಸಣೆ ಮಾಡಿಸಲಿ. ದೊಡ್ಡದು, ಚಿಕ್ಕದು ಎರಡು ಅಳತೆಯ ಮೇಲುಗನ್ನಡಕ ಕಛೇರಿಯಲ್ಲಿ ಇಟ್ಟಿರಲಿ; ಒಂದು ವಾರ ಹಾಕಿ ನೋಡಿ ಹೊಂದಿದವರು ಹೆಸರು ಬರೆಸಲಿ. ಎಲ್ಲರ ಪಟ್ಟಿ ಸೇರಿಸಿ ಒಟ್ಟಿಗೆ ಕೊಂಡರೆ ಬೆಲೆಯೂ ಇಳಿಯುತ್ತೆ, ಪರೀಕ್ಷೆ ಮಾಡಿ ತರಲೂ ಆಗುತ್ತೆ, ಹಣವನ್ನು ಕಂತಿನಲ್ಲಿ ಹಿಡಿದುಕೊಳ್ಳಬಹುದು. ಹೊಳೆಗೆ ಸುರಿದರೂ ಅಳೆದು ಸುರಿ ಅಂತ ಹಿರಿಯರು ಹೇಳಿದ್ದಾರೆ. ಈ ಮಹೋತ್ಸವದ ಶಾಲು, ಹಾರದ ಖರ್ಚಿನಲ್ಲಿ ಸ್ವಲ್ಪ ಉಳಿಸಿ ಆ ಎರಡು ಕನ್ನಡಕಕ್ಕೆ ಕೊಟ್ಟರೆ, ಮೊದಲ ಶಾಲು ನನಗೆ ಹಾಕಿದ್ದನ್ನೇ ವಾಪಸ್ಸು ಕೊಡುತ್ತೇನೆ.

ಹೊಳೆ ನಮಗೆ ಅನ್ನ ಕೊಟ್ಟಿದೆ. ಅದನ್ನು ನೋಡುವ ಕಣ್ಣನ್ನು ನಾವು ಕಾಪಾಡಿಕೊಳ್ಳೋಣ. 

ಜೈ ಸಹಕಾರ.